ಕೆರೆಯೊಳಗೆ ಬಂದು ನಿಂತ ಕಡವೆ

೧೯೮೪ನೇ ಇಸವಿಯ ಬೇಸಿಗೆ. ಯುಗಾದಿ ಹತ್ತಿರ ಬಂದಿತ್ತು. ನಮ್ಮ ಕಡೆ ಯುಗಾದಿ ಬಂತೆಂದರೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಹೊರಗೆ ಬೀಳಬೇಕು, ಕೌದಿಗಳು ಕೆರೆಗೋ ಹಳ್ಳಕ್ಕೋ ಹೋಗಿ ಒಗೆಸಿಕೊಂಡು ಬರಬೇಕು. ನನಗೆ ಮದುವೆಯಾಗಿ ಎರಡನೇ ವರ್ಷ. ಮಡಿಲಲ್ಲಿ ಐದು ತಿಂಗಳ ಹೆಣ್ಣುಕೂಸು, ನೀಲಾ.

ನನ್ನ ತವರು ಕುಂದಗೋಳ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕರಿ ಹೊಲ. ಹತ್ತಿ, ಮೆಣಸಿನಕಾಯಿ, ಶೇಂಗಾ. ಗಿಡ ಅಂದರೆ ಬದುವಿನ ಮೇಲಿನ ಬೇವು, ಜಾಲಿ. ಅಂಥ ಊರಿನಿಂದ ನಾನು ಬಂದು ಬಿದ್ದದ್ದು ಕಲಘಟಗಿ ತಾಲೂಕಿನಲ್ಲಿ, ತಂಬೂರದಿಂದ ಆಚೆ ಇರುವ ಒಂದು ಸಣ್ಣ ಹಳ್ಳಿಗೆ. ಊರ ಹಿಂದೆ ಕೆರೆ, ಕೆರೆಯ ಹಿಂದೆ ಅಡವಿ. ಆ ಅಡವಿ ಎಲ್ಲಿಯೂ ಕಡಿಯದೆ ದಾಂಡೇಲಿ ಕಡೆಯ ಅಭಯಾರಣ್ಯದ ತನಕ ಹೋಗುತ್ತದೆ ಅಂತ ನಮ್ಮ ಮನೆಯವರು ಮದುವೆಯಾದ ಹೊಸದರಲ್ಲಿ ಹೆಮ್ಮೆಯಿಂದ ಹೇಳಿದ್ದರು. ನನಗೆ ಮಾತ್ರ ಅದನ್ನು ಕೇಳಿ ಎದೆ ಧಸಕ್ಕೆಂದಿತ್ತು. ಬೇಸಿಗೆಯಲ್ಲಿ ನೀರು ಹುಡುಕುತ್ತ ಕಾಡಿನ ಪ್ರಾಣಿಗಳು ನಮ್ಮ ಕೆರೆಯವರೆಗೂ ಬರುತ್ತಿದ್ದವು. ಬೆಳಗ್ಗೆ ನೀರಿಗೆ ಹೋದರೆ ಕೆಸರಿನಲ್ಲಿ ಗೊರಸಿನ ಗುರುತುಗಳು ಕಾಣುತ್ತಿದ್ದವು. ಇದು ಹಂದಿ, ಇದು ಜಿಂಕೆ, ಇದು ಕಡವೆ ಅಂತ ಊರಿನ ಹೆಣ್ಣುಮಕ್ಕಳು ಕೊಡ ತುಂಬಿಕೊಳ್ಳುತ್ತಲೇ ಹೇಳುತ್ತಿದ್ದರು. ನಾನು ಮಾತ್ರ ಕೊಡ ತುಂಬಿದ ಕೂಡಲೇ ಊರ ಕಡೆ ಮುಖ ಮಾಡುತ್ತಿದ್ದೆ.

ನಮ್ಮ ಅತ್ತೆ ಗಂಗವ್ವ ಎತ್ತರದ ಆಳು, ಮಾತು ಕಡಿಮೆ. ಆಡಿದರೆ ಒಂದೇ ಏಟಿಗೆ ಕಡ್ಡಿ ಮುರಿದಂತೆ ಆಡುವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲ ಮಾಡಿಸಿ, ಒಬ್ಬನೇ ಮಗನನ್ನು ಬೆಳೆಸಿದವರು. ನನಗೆ ಅವರನ್ನು ಕಂಡರೆ ಅಡವಿಯಷ್ಟೇ ಅಂಜಿಕೆ. ಕೂಸು ಹುಟ್ಟಿದಾಗ ಕುಂದಗೋಳಕ್ಕೆ ನೋಡಲು ಬಂದು, ತೊಟ್ಟಿಲೊಳಗೆ ಒಮ್ಮೆ ಬಗ್ಗಿ ನೋಡಿ, "ಮೂಗು ನಮ್ಮ ಮನಿದು" ಅಂದಿದ್ದರು, ಅಷ್ಟೇ. ಸಂತೋಷವಾಗಿದೆಯೋ, ಹೆಣ್ಣಾಯಿತೆಂದು ಬೇಸರವೋ, ನನಗೆ ತಿಳಿದಿರಲಿಲ್ಲ.

ಆ ದಿನ ಬೆಳಗ್ಗೆ ಚಕ್ಕಡಿಯಲ್ಲಿ ಕೌದಿಗಳನ್ನು ಹೇರಿಕೊಂಡು ಅತ್ತೆ, ನಾನು, ಕೂಸು ಕೆರೆಗೆ ಹೋದೆವು. ನಮ್ಮ ಮನೆಯವರು ನಮ್ಮನ್ನು ಇಳಿಸಿ, ಹೊತ್ತು ಇಳಿದ ಮೇಲೆ ಬರುತ್ತೇನೆಂದು ಹೇಳಿ ಹೊಲಕ್ಕೆ ಹೋದರು. ಬೇಸಿಗೆಯಾದ್ದರಿಂದ ಊರ ಕಡೆಯ ದಂಡೆಯಲ್ಲಿ ನೀರು ಹಿಂದೆ ಸರಿದು ಬರೀ ರಾಡಿ ಉಳಿದಿತ್ತು. ಅಡವಿಯ ಕಡೆಯ ಅಂಚಿನಲ್ಲಿ ಮಾತ್ರ ಕಲ್ಲುಬಂಡೆಗಳು, ತಿಳಿನೀರು. ಕೌದಿ ಒಗೆಯಲು ಅದೇ ಜಾಗ ಸರಿ ಅಂತ ಅತ್ತೆ ಅಲ್ಲಿಗೇ ಕರೆದುಕೊಂಡು ಹೋದರು.

ಹಳೆಯ ದಂಡೆಯ ಮೇಲೆ ಒಂದು ಹೊಂಗೆ ಮರವಿತ್ತು. ಹೊಸ ಎಲೆ ಬಿಟ್ಟು ದಟ್ಟವಾಗಿ ನೆರಳು ಚೆಲ್ಲಿತ್ತು. ಅದರ ಹಿಂದೆಯೇ ಅಡವಿ ಸುರುವಾಗುತ್ತಿತ್ತು. ತೇಗ, ಮತ್ತಿ ಎಲ್ಲ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿದ್ದವು, ನಡುನಡುವೆ ಮುತ್ತಲ ಗಿಡಗಳ ಮೇಲೆ ಕಡೆಯ ಹೂಗಳು ಉಳಿದಿದ್ದವು. ಅತ್ತೆ ಹೊಂಗೆಯ ಕೆಳಗಿನ ಟೊಂಗೆಗೆ ಹಳೆಯ ಇಳಕಲ್ಲ ಸೀರೆಯಿಂದ ಜೋಳಿಗೆ ಕಟ್ಟಿದರು. ಗಂಟನ್ನು ಎರಡು ಸಲ ಜಗ್ಗಿ ನೋಡಿದರು. ನಾನು ಕೂಸಿಗೆ ಹಾಲು ಕುಡಿಸಿ ಅದರಲ್ಲಿ ಮಲಗಿಸಿದೆ. ಜೋಳಿಗೆ ನೆಲದಿಂದ ಮೊಣಕಾಲಿನಷ್ಟು ಎತ್ತರದಲ್ಲಿ ತೂಗುತ್ತಿತ್ತು. ಮರಕ್ಕೂ ನೀರಿಗೂ ನಡುವೆ ಒಣಗಿ ಬಿರಿದ ಕೆರೆಯ ಅಂಗಳ. ಕೂಸು ಅತ್ತರೆ ಕೇಳಿಸುವಷ್ಟು ಹತ್ತಿರ, ಒಂದೇ ಉಸಿರಿಗೆ ಓಡಿ ಮುಟ್ಟಲಾರದಷ್ಟು ದೂರ.

ಮಧ್ಯಾಹ್ನದ ತನಕ ಏನೂ ಇಲ್ಲ. ಕೌದಿಗಳನ್ನು ಸೋಡಾದಲ್ಲಿ ನೆನೆಸಿ, ಬಡಿಗೆಯಿಂದ ಬಡಿದು, ಇಬ್ಬರೂ ಎರಡು ತುದಿ ಹಿಡಿದು ಹಿಂಡಿ, ಅಂಗಳದಲ್ಲಿ ಬಿಸಿಲಿಗೆ ಹರವುತ್ತ ಹೋದೆವು. ನಡುವೆ ಎರಡು ಸಲ ಹೋಗಿ ಕೂಸನ್ನು ನೋಡಿ ಬಂದೆ, ನಿದ್ದೆಯಲ್ಲಿತ್ತು.

ಮೊದಲು ಕೂಗಿದ್ದು ಮುಸ್ಯಾಗಳು, ಕರಿ ಮೋರೆಯ ಮಂಗಗಳು. ಅಡವಿಯೊಳಗೆ ಎಲ್ಲೋ ಗಿಡದ ತುದಿಯಿಂದ ಖಕ್ ಖಕ್ ಅಂತ ಒಂದೇ ಸಮ ಕೂಗತೊಡಗಿದವು. ಅತ್ತೆ ಬಡಿಗೆ ನಿಲ್ಲಿಸಿ ತಲೆ ಎತ್ತಿದರು. ಆಮೇಲೆ ಒಣಗಿದ ತೇಗದ ಎಲೆಗಳ ಸಪ್ಪಳ. ಯಾರೋ ಹಪ್ಪಳದ ರಾಶಿಯ ಮೇಲೆ ಓಡಿ ಬಂದಂತೆ ಹತ್ತಿರ ಹತ್ತಿರವಾಯಿತು. ನೋಡುನೋಡುತ್ತಿದ್ದಂತೆ ಹೊಂಗೆ ಮರದ ಬಾಜೂಕಿನಿಂದ ಒಂದು ದೊಡ್ಡ ಕಡವೆ ಹೊರಗೆ ನುಗ್ಗಿತು. ಕೋಡಿರಲಿಲ್ಲ, ಹೆಣ್ಣು. ಎಮ್ಮೆಯ ಮಣಕದಷ್ಟು ಎತ್ತರ. ಬಾಯಿ ತೆರೆದು ನಾಲಿಗೆ ಹೊರಗೆ ಬಿದ್ದಿತ್ತು, ಹಿಂದಿನ ತೊಡೆಯಿಂದ ರಕ್ತ ಸುರಿಯುತ್ತಿತ್ತು. ಅದು ಹರವಿದ ಕೌದಿಗಳ ಮೇಲೆಯೇ ಓಡಿ ಬಂದು ನೀರಿಗೆ ಬಿತ್ತು. ತಲೆ, ಬೆನ್ನು ಮಾತ್ರ ಮೇಲೆ ಕಾಣುವಷ್ಟು ಆಳಕ್ಕೆ ಹೋಗಿ, ನಾವು ನಿಂತಿದ್ದ ಬಂಡೆಯ ಕಡೆ ತಿರುಗಿ ನಿಂತುಬಿಟ್ಟಿತು. ನಮ್ಮಿಂದ ನಾಲ್ಕು ಮಾರು ದೂರವೂ ಇರಲಿಲ್ಲ. ಅದರ ಉಸಿರು ಕೇಳಿಸುತ್ತಿತ್ತು.

ನಾನು ಕಡವೆಯನ್ನು ನೋಡುತ್ತಿದ್ದೆ. ಅತ್ತೆ ದಂಡೆಯನ್ನು ನೋಡುತ್ತಿದ್ದರು. ಅವರ ಕೈ ಬಂದು ನನ್ನ ರಟ್ಟೆ ಹಿಡಿಯಿತು. ಆಗ ನಾನೂ ತಿರುಗಿದೆ.

ಹೊಂಗೆ ಮರದ ಕೆಳಗೆ ನಾಯಿಗಳು ನಿಂತಿದ್ದವು. ಊರ ನಾಯಿಗಳಲ್ಲ. ಇಟ್ಟಂಗಿಯ ಬಣ್ಣ, ಬಾಲದ ತುದಿ ಕಪ್ಪು, ನೆಟ್ಟಗೆ ನಿಂತ ಕಿವಿ. ಕಾಡುನಾಯಿಗಳು ಅಂತ ನಾನು ಹೆಸರು ಮಾತ್ರ ಕೇಳಿದ್ದೆ. ಬದುಕಿದ ಪ್ರಾಣಿಯನ್ನೇ ಹರಿದು ತಿನ್ನುತ್ತವೆ ಅನ್ನುವುದನ್ನೂ ಕೇಳಿದ್ದೆ. ಏಳಿದ್ದವೋ ಎಂಟಿದ್ದವೋ, ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವು ಬೊಗಳಲಿಲ್ಲ. ತಮ್ಮತಮ್ಮೊಳಗೆ ಸಣ್ಣಗೆ ಸಿಳ್ಳೆ ಹಾಕುತ್ತ ಅತ್ತಿತ್ತ ಸುಳಿದಾಡುತ್ತಿದ್ದವು. ಅವುಗಳ ಬೆನ್ನ ಹಿಂದೆ ನನ್ನ ಕೂಸಿನ ಜೋಳಿಗೆ.

ನಾನು ಓಡಲು ಹೊರಟೆ. ಅತ್ತೆ ಬಿಡಲಿಲ್ಲ. ಅವರ ಉಗುರು ನನ್ನ ರಟ್ಟೆಯಲ್ಲಿ ಇಳಿದಿತ್ತು.

"ಓಡಬ್ಯಾಡ ಶಾಂತಾ. ನೀ ಓಡಿದ್ರ ಅವು ಗಾಬರ್‍ಯಾಗಿ ಏನ್ ಮಾಡತಾವೋ ಗೊತ್ತಿಲ್ಲ."

ನಂತರ ಅವರೇ ಬಡಿಗೆ ಎತ್ತಿ, ಹೋ ಹೋ ಅಂತ ದೊಡ್ಡ ದನಿಯಲ್ಲಿ ಕೂಗಿ, ಒಂದು ಕಲ್ಲು ಬೀಸಿದರು. ನಾನೂ ಕೂಗಿದೆ, ಕೈಗೆ ಸಿಕ್ಕ ಕಲ್ಲು ಎಸೆದೆ. ನಾಯಿಗಳು ಬೆದರಿದವು, ನಿಜ. ಆದರೆ ಬೆದರಿ ಎಲ್ಲಿಗೆ ಹೋದವು? ಹಿಂದಕ್ಕೆ, ಮರದ ಬುಡಕ್ಕೇ ಸರಿದವು. ಒಂದು ನಾಯಿ ಜೋಳಿಗೆಯ ಕೆಳಗೇ ನುಸುಳಿ ಆಚೆ ನಿಂತಿತು. ಅದರ ಬೆನ್ನು ತಾಗಿ ಜೋಳಿಗೆ ಅಲುಗಾಡಿತು. ಇನ್ನೊಂದು ನಾಯಿ ತಿರುಗಿ ನೋಡಿ, ಮೂತಿ ಚಾಚಿ ಸೀರೆಯನ್ನು ಮೂಸಿತು.

ನಮ್ಮ ಇಬ್ಬರ ಬಾಯಿಯೂ ಒಮ್ಮೆಲೇ ಬಂದ್ ಆಯಿತು. ಎಸೆಯಲು ಎತ್ತಿದ್ದ ಕಲ್ಲು ನನ್ನ ಕೈಯಲ್ಲೇ ಉಳಿಯಿತು.

ಊರು ಕೆರೆಯ ಆಚೆ ಇತ್ತು. ಕೂಗಿದರೆ ಯಾರಿಗೂ ಕೇಳುವಂತಿರಲಿಲ್ಲ. ಕೇಳಿದರೂ ಬರುವ ತನಕ ಏನಾಗುವುದೋ. ಜೋಳಿಗೆಯ ಬಟ್ಟೆ ಒಳಗಿನಿಂದ ಉಬ್ಬಿ ಇಳಿಯಿತು. ಕೂಸು ಎದ್ದಿತ್ತು, ಕಾಲು ಒದೆಯುತ್ತಿತ್ತು. ಅದು ಅಳದಿರಲಿ, ಅಳದಿರಲಿ ಅಂತ ನಾನು ಕಂಡ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಎದೆಯ ಹಾಲು ತಾನೇ ಸುರಿದು ಕುಪ್ಪಸ ತೊಯ್ದಿತ್ತು. ಅದರ ಪರಿವೆಯೂ ನನಗಿರಲಿಲ್ಲ.

ಹೆಚ್ಚು ಹೊತ್ತು ಆಗಿರಲಿಕ್ಕಿಲ್ಲ. ಆದರೆ ಅಷ್ಟು ಉದ್ದನೆಯ ಹೊತ್ತು ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ನಾಯಿಗಳು ಜೋಳಿಗೆಯನ್ನು ಬಿಟ್ಟು ಮತ್ತೆ ನೀರಿನ ಕಡೆ ಮುಖ ಮಾಡಿದವು. ಎರಡು ನಾಯಿಗಳು ಅಂಚಿಗೆ ಬಂದು, ಪಾದ ತೋಯಿಸಿ, ನಮ್ಮನ್ನು ನೋಡಿ ಹಿಂದೆ ಹೋದವು. ಕಡವೆ ನೀರಿನಿಂದ ಏಳುವ ತನಕ ಅವು ಅಲ್ಲಿಂದ ಕದಲುವುದಿಲ್ಲ ಅನ್ನುವುದು ನನಗೂ ಅರ್ಥವಾಯಿತು. ಕಡವೆಯೋ, ನಾವು ಅಲ್ಲಿ ಇರುವ ತನಕ ನೀರಿನಿಂದ ಏಳುವುದಿಲ್ಲ. ನಾಯಿಗಳು ನಮಗೆ ಅಂಜುತ್ತವೆ ಅಂತ ತಿಳಿದೇ ಅದು ನಮ್ಮ ಹತ್ತಿರ ಬಂದು ನಿಂತಿತ್ತು.

ಅತ್ತೆ ನನ್ನ ರಟ್ಟೆ ಬಿಟ್ಟರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. "ನಾಯಿ ಅತ್ತಾಗ ಹೋದ ಕೂಡ್ಲೇ ನೀ ಹೋಗಿ ಕೂಸಿನ್ನ ಎತ್ಕೊ. ಅಲ್ಲೀ ತನಕ ಅಲಗಾಡಬ್ಯಾಡ" ಅಂದರು. ಏನು ಮಾಡುತ್ತಾರೆ ಅಂತ ನನಗೆ ತಿಳಿಯುವ ಮೊದಲೇ ಬಡಿಗೆ ಹಿಡಿದು ನೀರಿಗೆ ಇಳಿದರು.

ಅವರಿಗೆ ಈಜು ಬರುತ್ತಿರಲಿಲ್ಲ. ಕಾಲಿನಿಂದ ನೆಲ ತಡಕುತ್ತ, ಎದೆಮಟ್ಟದ ನೀರಿನ ತನಕ ಹೋದರು. ಕಡವೆಯ ಆಚೆ ಬದಿಗೆ ಹೋಗದೆ, ನಮ್ಮ ಬಂಡೆಗೂ ಅದಕ್ಕೂ ನಡುವೆ ಬಂದು ನಿಂತರು. ಬಡಿಗೆಯಿಂದ ನೀರನ್ನು ಬಡಿದು, ಹೋಗು ಹೋಗು ಅಂತ ಗದರಿಸಿದರು. ಕಡವೆ ಹೋಗಲಿಲ್ಲ. ಕಿವಿ ಅಲುಗಿಸಿ ಅವರನ್ನೇ ನೋಡುತ್ತ ನಿಂತಿತು. ಮತ್ತೆ ಬಡಿದರು. ಅದು ಒಂದು ಹೆಜ್ಜೆ ಮುಂದೆ ಬಂತು. ಆಗ ಅತ್ತೆ ಬಡಿಗೆ ಎತ್ತಿ ಅದರ ಬೆನ್ನಿಗೆ ಹೊಡೆದರು.

ಆ ಸಪ್ಪಳ ಬಂಡೆಯ ಮೇಲಿದ್ದ ನನಗೂ ಕೇಳಿಸಿತು. ಎರಡನೇ ಏಟಿಗೆ ಕಡವೆ ತಿರುಗಿತು. ಕುತ್ತಿಗೆ ಚಾಚಿ, ನೀರು ಸೀಳುತ್ತ ಆಚೆ ದಂಡೆಯ ಕಡೆ ಈಜತೊಡಗಿತು. ಅದು ಊರ ಕಡೆಯ ದಂಡೆಯಲ್ಲ, ಕೆರೆಯ ಮಗ್ಗುಲಿನದು. ಅಲ್ಲಿಯೂ ಅಡವಿಯೇ, ಬಿದಿರು ಮೆಳೆಗಳು. ಅದು ಅರ್ಧ ದಾರಿಗೆ ಹೋಗಿರಲಿಲ್ಲ, ಮುಂದಿನ ನಾಯಿ ಒಮ್ಮೆ ಸಿಳ್ಳೆ ಹಾಕಿತು. ಎಲ್ಲ ನಾಯಿಗಳೂ ಒಂದರ ಹಿಂದೊಂದು ಮರದ ಬುಡ ಬಿಟ್ಟು, ಕೆರೆಗೆ ನೀರು ಬರುವ ತಲೆಯ ಕಡೆಯಿಂದ ಸುತ್ತುಹಾಕಿ ಓಡಿದವು. ಒಂದೇ ಒಂದು ನಾಯಿಯೂ ಜೋಳಿಗೆಯ ಕಡೆ ತಿರುಗಿ ನೋಡಲಿಲ್ಲ.

ನಾನು ಹೇಗೆ ಅಂಗಳ ದಾಟಿದೆನೋ ಗೊತ್ತಿಲ್ಲ. ಹಸಿ ಕೌದಿಯ ಮೇಲೆ ಜಾರಿ ಬಿದ್ದು ಮೊಣಕಾಲು ಕೆತ್ತಿಹೋಗಿದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು. ಜೋಳಿಗೆ ಅಗಲಿಸಿ ನೋಡಿದರೆ ನೀಲಾ ಎಲೆಗಳ ಸಂದಿಯ ಬೆಳಕನ್ನು ನೋಡುತ್ತ, ಮುಷ್ಟಿಯನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದಳು. ಎತ್ತಿ ಎದೆಗೆ ಒತ್ತಿಕೊಂಡೆ. ಒತ್ತಿದ್ದು ಹೆಚ್ಚಾಗಿ ಆಗ ಅತ್ತಳು. ಆ ಅಳು ಕೇಳಿ ನನಗೆ ಜೀವ ಬಂದಂತಾಯಿತು.

ಕೂಸನ್ನು ಎತ್ತಿಕೊಂಡು ನೀರಿನ ಹತ್ತಿರ ಬಂದೆ. ಅತ್ತೆ ಇನ್ನೂ ನೀರಿನಲ್ಲೇ ನಿಂತಿದ್ದರು. ನನ್ನ ಕಡೆ ಬೆನ್ನು. ಕಡವೆ ಆಚೆ ದಂಡೆ ಹತ್ತುತ್ತಿತ್ತು. ಹತ್ತಿದ ಮೇಲೆ ಒಂದು ಗಳಿಗೆ ನಿಂತು, ಮೈ ಕೊಡವಿ, ಕುಂಟುತ್ತ ಬಿದಿರಿನೊಳಗೆ ಹೋಯಿತು. ನಾಯಿಗಳು ಇನ್ನೂ ಕೆರೆಯ ತಿರುವಿನಲ್ಲಿದ್ದವು. ಸ್ವಲ್ಪ ಹೊತ್ತಿಗೆ ಅವೂ ಅಡವಿಯಲ್ಲಿ ಮರೆಯಾದವು. ಆಮೇಲೆ ಸಿಳ್ಳೆ ಕೇಳಿಸಿತು, ಮುಸ್ಯಾಗಳ ಕೂಗು ಕೇಳಿಸಿತು, ಅಷ್ಟೇ.

"ಅತ್ತೀ, ಬರ್ರಿ ಹೊರಗ. ಕೂಸು ನನ್ನ ಕಡೆ ಐತ್ರಿ" ಅಂದೆ. ಅವರು ತಿರುಗಲಿಲ್ಲ. ಎರಡನೇ ಸಲ ಕರೆದಾಗ ಮೆಲ್ಲಗೆ ಬಂದರು. ಬಂಡೆಯ ಮೇಲೆ ಕೂತು ಕೂಸಿಗಾಗಿ ಕೈ ಚಾಚಿದರು. ಅದರ ತಲೆಯಿಂದ ಕಾಲಿನ ತನಕ ಒಂದೊಂದು ಬೆರಳನ್ನೂ ಮುಟ್ಟಿ ನೋಡಿದರು. ನಂತರ ಕೂಸನ್ನು ನನಗೆ ಕೊಟ್ಟು, ಉಳಿದ ಕೌದಿಗಳನ್ನು ಹಿಂಡಲು ಎದ್ದರು. ಚಕ್ಕಡಿ ಬರುವ ಹೊತ್ತಿಗೆ ಎಲ್ಲವನ್ನೂ ಹಿಂಡಿ ಮುಗಿಸಿದ್ದರು.

ನಮ್ಮ ಮನೆಯವರಿಗೆ ನಡೆದದ್ದನ್ನು ಹೇಳಿದವಳು ನಾನೇ. ಅವರು ಎತ್ತಿನ ಹಗ್ಗ ಹಿಡಿದುಕೊಂಡೇ ನಿಂತು ಕೇಳಿ, ದಾರಿಯುದ್ದಕ್ಕೂ ಕೂಸನ್ನು ತೊಡೆಯಿಂದ ಇಳಿಸಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಎರಡು ದಿನ ಬಿಟ್ಟು ಫಾರೆಸ್ಟಿನ ಗಾರ್ಡ ಒಬ್ಬರು ಬಂದರು. ವಯಸ್ಸಾದವರು, ಸೌಮ್ಯ ಮನುಷ್ಯ. ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಕೊಂಡರು. ಆಚೆಯ ಹಳ್ಳದಲ್ಲಿ ಕಡವೆಯ ಎಲುಬು, ಚರ್ಮದ ಚೂರು ಬಿದ್ದಿವೆ, ಅದೇ ಇರಬೇಕು ಅಂದರು. ಕಾಡುನಾಯಿಗಳು ಮನುಷ್ಯರ ತಂಟೆಗೆ ಬಂದದ್ದನ್ನು ತಮ್ಮ ಸರ್ವಿಸಿನಲ್ಲಿ ತಾವು ನೋಡಿಲ್ಲ, ಕೇಳಿಲ್ಲ ಅಂತಲೂ ಹೇಳಿದರು. ನೀವು ಮೆಲ್ಲಗೆ ನಡೆದುಕೊಂಡು ಹೋಗಿದ್ದರೆ ಅವು ತಾವೇ ದಾರಿ ಬಿಡುತ್ತಿದ್ದವು, ಕೂಸಿಗೆ ಏನೂ ಆಗುತ್ತಿರಲಿಲ್ಲ ಅಂದರು. ಅವರು ಬಯ್ಯಲೆಂದು ಹೇಳಲಿಲ್ಲ, ನಮಗೆ ಧೈರ್ಯ ಬರಲಿ ಅಂತಲೇ ಹೇಳಿದರು. ಆದರೆ ಬಾಗಿಲ ಹತ್ತಿರ ನಿಂತಿದ್ದ ಅತ್ತೆಗೆ ಅದೆಲ್ಲ ಕೇಳಿಸಿತ್ತು. ಅವರು ಒಳಗೆ ಹೋಗಿ ಗಾರ್ಡರಿಗೆ ಚಾ ಮಾಡಿ ಕಳಿಸಿದರು.

ಆ ಯುಗಾದಿಗೆ ಅವರು ಹೋಳಿಗೆ ಮಾಡಿದರು, ಎಲ್ಲರಿಗೂ ಬಡಿಸಿದರು, ತಾವು ಮಾತ್ರ ಸರಿಯಾಗಿ ಉಣ್ಣಲಿಲ್ಲ. ಕೆರೆಯ ಆ ಬದಿಗೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಅತ್ತೆ ಕಾಲು ಚಾಚಿ ಕೂತು ನೀಲಾಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಾನು ಹತ್ತಿರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ನನಗೆ ತಡೆಯಲಾಗಲಿಲ್ಲ. ಗಾರ್ಡ ಏನೋ ಅಂತಾರ್‍ರಿ, ಅವರಿಗೇನು ಗೊತ್ತು, ನೀವು ಮಾಡಿದ್ದು ಸರಿ ಐತಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಅಂತ ಹೇಳಿದೆ.

ಅತ್ತೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಅವರು ಖರೇನ ಹೇಳ್ಯಾರ" ಅಂದರು. "ಅವರಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ. ಇವತ್ತು ಗೊತ್ತಾಗೇತಿ. ಆದ್ರೂ ಕೂಸು ಅಲ್ಲಿ ತೂಗತಿದ್ರ ನಾ ಮತ್ತ ಹಂಗ ಮಾಡತೀನಿ."

ಕೂಸನ್ನು ಮಗ್ಗುಲಾಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದರು. ನಂತರ ನನ್ನ ಕಡೆ ನೋಡದೆ ಹೇಳಿದರು:

"ಮೊದಲನೇ ಏಟು ಬಿದ್ದಾಗ ಅದು ಓಡಿಹೋಗಲಿಲ್ಲ, ಶಾಂತಾ. ನನ್ನ ಬಾಜೂನ ಸರದು ನಿಂತಿತು. ಹೊಡದಾಕಿ ನಾ ಅಂತ ಅದಕ್ಕ ತಿಳೀಲಿಲ್ಲ, ನಾಯಿ ಬಂದು ಹಿಡೀತು ಅಂತ ತಿಳಕೊಂಡಿತ್ತು ಕಾಣತೈತಿ."

ಜೋಳದ ಮೊರ ಕೆಳಗಿಟ್ಟು ಅವರ ಹತ್ತಿರ ಹೋಗಿ ಕೂತೆ. ಅಲ್ಲಿಯ ತನಕ ಅವರ ಅಷ್ಟು ಹತ್ತಿರ ನಾನು ಎಂದೂ ಕೂತಿರಲಿಲ್ಲ.

ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ನೀಲಾ ಈಗ ಧಾರವಾಡದಲ್ಲಿ ಟೀಚರ್ ಆಗಿದ್ದಾಳೆ, ಎರಡು ಮಕ್ಕಳ ತಾಯಿ. ಅವಳಿಗೆ ಈ ಕಥೆಯನ್ನು ನಾನು ಪೂರ್ತಿ ಹೇಳಿದ್ದು ಅವಳ ಮೊದಲ ಹೆರಿಗೆಯಾದ ಮೇಲೆ. ಕೇಳಿ, "ಅವ್ವಾ, ನೀ ಅಜ್ಜಿ ಜಾಗಾದಾಗ ಇದ್ರ ಕಡವಿಗೆ ಹೊಡೀತಿದ್ದೇನು?" ಅಂದಳು.

ಹೊಡೆಯುತ್ತಿದ್ದೆ ಅಂತ ಹೇಳಿದೆ. ಅದು ಸುಳ್ಳಲ್ಲ. ಮಗುವನ್ನು ಹೆತ್ತ ಯಾವಳಾದರೂ ಹಾಗೆಯೇ ಹೇಳುತ್ತಾಳೆ. ಆದರೆ ಹೊಡೆದವಳು ನಾನಲ್ಲ. ನನಗೆ ಸಿಕ್ಕಿದ್ದು ಜೋಳಿಗೆಯ ಕಡೆ ಓಡುವ ಕೆಲಸ. ನಂಬಿ ಬಂದ ಜೀವದ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿ ಎರಡನೇ ಸಲ ಬಡಿಗೆ ಎತ್ತುವ ಕೆಲಸವನ್ನು ಅತ್ತೆ ತಾವೇ ತೆಗೆದುಕೊಂಡರು. ಅದರ ಭಾರವನ್ನು ಸಾಯುವ ತನಕ ಒಬ್ಬರೇ ಹೊತ್ತರು, ನನ್ನ ಹೆಗಲಿಗೆ ದಾಟಿಸಲಿಲ್ಲ. ಆ ಮಧ್ಯಾಹ್ನದ ನಂತರ ಅವರನ್ನು ಕಂಡು ನಾನು ಎಂದೂ ಅಂಜಲಿಲ್ಲ.